ಜಡ್ಡಿಗೆ ಮೊದಲು ಹೆಸರು ಬೇಕು

ಎರಡು ವರ್ಷ ತುಂಬಿದರೂ ಮಗು ನಡೆಯುತ್ತಿಲ್ಲ. ಇಳಕಲ್ಲಿನಲ್ಲೋ ಹುನಗುಂದದಲ್ಲೋ ಮನೆಯ ಹಿರಿಯರು ಹೇಳುವುದು ಒಂದೇ ಮಾತು: ‘ತಡಾ ಆಗ್ತದ ಬಿಡ್ರಿ, ಅವರಪ್ಪನೂ ಹಿಂಗ ಇದ್ದ.’ ಆಮೇಲೆ ಬಾದಾಮಿ ಬನಶಂಕರಿಗೆ ಹರಕೆ, ಬಾಗಲಕೋಟೆ, ಹುಬ್ಬಳ್ಳಿ ಆಸ್ಪತ್ರೆಗಳ ಅಲೆದಾಟ. ಚೀಟಿಗಳ ಕಟ್ಟು ದಪ್ಪವಾಗುತ್ತದೆ, ಜಡ್ಡಿನ ಹೆಸರು ಮಾತ್ರ ತಿಳಿಯುವುದಿಲ್ಲ. ಅದು ವಿರಳ ರೋಗವೂ ಆಗಿರಬಹುದು.

ಸಾವಿರಕ್ಕೆ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಮಂದಿಗೆ ಬಂದು ಬದುಕಿಡೀ ಕಾಡುವ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ವಿರಳ ರೋಗ ಎನ್ನುತ್ತದೆ. ಇಂಥವು ಸಾವಿರಾರು ಇವೆ. ಹೆಚ್ಚಿನವಕ್ಕೆ ಕಾರಣ ವಂಶವಾಹಿಯ ದೋಷ.

ಹೇಗೆ ಬರುತ್ತದೆ?

ವಂಶವಾಹಿಗಳು ಜೋಡಿಯಾಗಿರುತ್ತವೆ. ಹಲವು ಕಾಯಿಲೆಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಕೆಲಸ ತೂಗಿಸುತ್ತದೆ. ಹಾಗಾಗಿ ತಂದೆ ತಾಯಿ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಮಗುವಿಗೆ ಕಾಯಿಲೆ. ಇಬ್ಬರಲ್ಲೂ ಅದೇ ದೋಷವಿದ್ದರೆ ಪ್ರತಿ ಬಸಿರಿನಲ್ಲೂ ಈ ಸಂಭವ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯ ರೂಢಿಯಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು. ಇದು ಶಾಪವಲ್ಲ, ತಾಯಿಯೊಬ್ಬಳ ತಪ್ಪಂತೂ ಅಲ್ಲವೇ ಅಲ್ಲ.

ಎಲ್ಲಿಂದ ಶುರು?

ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ ಮೇಲಿನ ಆಸ್ಪತ್ರೆಗೆ ಕಳಿಸುವುದೇ ಅವರ ಕೆಲಸ. ಹಳೆಯ ಚೀಟಿ ಒಂದನ್ನೂ ಎಸೆಯಬೇಡಿ. ಮನೆತನದಲ್ಲಿ ಎಳವೆಯಲ್ಲೇ ತೀರಿಕೊಂಡ ಮಕ್ಕಳು, ಒಳಸಂಬಂಧದ ಮದುವೆಗಳು, ಎಲ್ಲವನ್ನೂ ಮುಚ್ಚಿಡದೆ ಹೇಳಿ. ವೈದ್ಯರಿಗೆ ಅರ್ಧ ಸುಳಿವು ಅಲ್ಲೇ ಇರುತ್ತದೆ.

ರಾಜ್ಯದಲ್ಲಿ ವಿರಳ ರೋಗಗಳಿಗೆಂದೇ ಗುರುತಿಸಿದ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನಲ್ಲಿದೆ: ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ನಡೆಸುವಂಥದ್ದು. 2021ರ ರಾಷ್ಟ್ರೀಯ ವಿರಳ ರೋಗ ನೀತಿಯ ಪಟ್ಟಿಯಲ್ಲಿ ಕಾಯಿಲೆ ಇದ್ದರೆ, ಇಂಥ ಕೇಂದ್ರದ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಹೆಸರೇ ಗೊತ್ತಾಗದ ಜಡ್ಡಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಸಂಶೋಧನೆ ಏಕೆ?

50 ಲಕ್ಷ ದೊಡ್ಡ ಮೊತ್ತವೇ. ಆದರೆ ಪಿತ್ತಜನಕಾಂಗ ಕೆಡಿಸುವ ಟೈರೋಸಿನೀಮಿಯಾಕ್ಕೆ ವಿದೇಶಿ ಔಷಧದ ವರ್ಷದ ಖರ್ಚು ಸುಮಾರು 2.2 ಕೋಟಿ ರೂಪಾಯಿ ಇತ್ತು. 2023ರಲ್ಲಿ ಅದೇ ಔಷಧ ನಮ್ಮ ದೇಶದಲ್ಲೇ ತಯಾರಾದಾಗ ಖರ್ಚು ಸುಮಾರು 2.5 ಲಕ್ಷಕ್ಕೆ ಇಳಿಯಿತು.

ಇಂಥ ಔಷಧ ಇಲ್ಲೇ ತಯಾರಿಸಲೂ, ಕಾಯಿಲೆಯ ಕಾರಣ ತಿಳಿಯಲೂ ಸಂಶೋಧನೆಯೇ ಬೇಕು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಸೊಂಟ, ಮೊಣಕಾಲು ಕುಸಿಯತೊಡಗಿದಾಗ ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಗುಮಾನಿ ಹೋಗಿತ್ತು. ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಕಾಯಿಲೆ ಎಂದು ತಿಳಿದದ್ದು ಆಮೇಲಿನ ಅಧ್ಯಯನಗಳಿಂದ.

ರೋಗಿಗಳ ಲೆಕ್ಕ ಸಿಗದೆ ಇಂಥ ಅಧ್ಯಯನ ನಡೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಿರಳ ರೋಗವುಳ್ಳವರ ನೋಂದಣಿ ಇಟ್ಟಿದೆ. ಬೆಂಗಳೂರಿಗೆ ಹೋದಾಗ ಕೇಳಲು ಮರೆಯಬೇಡಿ: ‘ನಮ್ಮ ಮಗುವಿನ ಹೆಸರು ಅದರಾಗ ಬರದೀರೇನ್ರಿ?’