ತಟ್ಟೆ ತೊಳೆಯದೆ ಬಡಿಸಬೇಡಿ



ನಮ್ಮ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಕಂಪ್ಯೂಟರ್ ಓದಿದ ಮಕ್ಕಳಿಗೇನೂ ಕೊರತೆಯಿಲ್ಲ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಸೌಟು ಹಿಡಿದ ನಾನು ನಿಮ್ಮ ವಿದ್ಯೆಯ ಬಗ್ಗೆ ಬರೆಯುವುದು ಅಧಿಕಪ್ರಸಂಗವೆನಿಸಬಹುದು. ಆದರೂ ಒಂದು ರಾತ್ರಿಯ ಮಾತು ಹೇಳಲೇಬೇಕು.

ನನ್ನ ತಂಗಿಯ ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಬಂಧುಬಳಗ, ಪರಿಚಿತರು ಎಲ್ಲ ಸೇರಿ ಎಂಬತ್ತು ಜನರ ಹೆಸರು, ಫೋನ್ ನಂಬರು, ರಕ್ತದ ಗುಂಪು ಕಲೆಹಾಕಿ ಮೊಬೈಲಿಗೆ ಒಂದು ಆಪ್ ಮಾಡಿದ್ದ. ಓ ನೆಗೆಟಿವ್ ಗುಂಪಿನವರ ಹೆಸರಿನ ಪಕ್ಕ ಕೆಂಪು ಹನಿಯ ಗುರುತು. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿಗೆ ಹೆರಿಗೆಯಾದಾಗ, ರಾತ್ರಿ ಹನ್ನೊಂದಕ್ಕೆ ಅದೇ ರಕ್ತ ಬೇಕಾಯಿತು. ಓ ನೆಗೆಟಿವ್‌ನವರಿಗೆ ಬೇರೆ ಗುಂಪಿನ ರಕ್ತ ಆಗಿಬರುವುದಿಲ್ಲ. ಪಟ್ಟಿ ತೆರೆದು, ಬೆರಳಲ್ಲಿ ಸರಿಸುತ್ತಾ, ಹನಿ ಕಂಡವರಿಗೆ ಫೋನ್ ಮಾಡಿದೆ. ಮೊದಲನೆಯವರು, "ಅಮ್ಮಾ, ನನ್ನದು ಬಿ ಪಾಸಿಟಿವ್" ಎಂದರು. ಎರಡನೆಯವರದೂ ಬೇರೆ ಗುಂಪು. ಮೂರನೆಯವರು ನಿಜವಾಗಿ ಓ ನೆಗೆಟಿವ್, ಓಡಿ ಬಂದರು. ತಾಯಿ ಮಗು ಕ್ಷೇಮ. ಆದರೆ ಆ ಅರ್ಧ ಗಂಟೆ ನನ್ನ ಎದೆ ಡವಡವ ಎನ್ನುತ್ತಲೇ ಇತ್ತು.

ಮರುದಿನ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. "ದೊಡ್ಡಮ್ಮ, ಕ್ಲೌಡ್‌ನಲ್ಲಿರುವ ದಾಖಲೆ ಸರಿಯಾಗೇ ಇದೆ" ಎಂದ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ, ನೆಲದ ಮೇಲಿನ ದೊಡ್ಡ ಕಣಜ. ಅಮೆಜಾನ್ ಕಂಪನಿ 2022ರ ನವೆಂಬರ್‌ನಲ್ಲಿ ನಮ್ಮ ಹೈದರಾಬಾದಿನಲ್ಲೇ ಅಂಥ ಕಣಜಗಳನ್ನು ತೆರೆದಿದೆ. ಕಣಜದ ಕಾಳು ಚೊಕ್ಕವಾಗಿತ್ತು, ಬಡಿಸುವುದರಲ್ಲಿ ಎಡವಟ್ಟಾಗಿತ್ತು.

ಅದು ಹೇಗೆಂದು ಕೇಳಿ. ಫೋನಿನ ಪರದೆಯಲ್ಲಿ ಒಮ್ಮೆಗೆ ಎಂಟು ಹೆಸರು ಹಿಡಿಯುತ್ತವೆ. ಎಂಬತ್ತು ಜನರಿಗೆ ಎಂಬತ್ತು ಸಾಲು ಮಾಡಿಟ್ಟರೆ ಫೋನಿಗೆ ಭಾರ. ಅದಕ್ಕೇ ಹತ್ತು ಹನ್ನೆರಡು ಸಾಲು ಮಾತ್ರ ಮಾಡಿಕೊಂಡು, ಮೇಲೆ ಮರೆಯಾದ ಸಾಲನ್ನೇ ಕೆಳಗೆ ತಂದು ಹೊಸ ಹೆಸರು ತುಂಬುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ 2014ರಲ್ಲಿ ಬಂದ ರಿಸೈಕ್ಲರ್ ವ್ಯೂ ಮಾಡುವ ಕೆಲಸ ಇದೇ. ಹತ್ತು ತಟ್ಟೆಯಲ್ಲಿ ಎಂಬತ್ತು ಜನಕ್ಕೆ ಬಡಿಸಿದ ಹಾಗೆ. ಜಾಣತನವೇ ಸರಿ, ತಟ್ಟೆ ತೊಳೆದರೆ! ನಮ್ಮ ಹುಡುಗ "ಓ ನೆಗೆಟಿವ್ ಆದರೆ ಹನಿ ತೋರಿಸು" ಎಂದು ಬರೆದಿದ್ದ. "ಅಲ್ಲದಿದ್ದರೆ ಅಳಿಸು" ಎಂಬ ಒಂದು ಸಾಲು ಬಿಟ್ಟಿದ್ದ. ಹಿಂದಿನವರ ಚಟ್ನಿ ಮುಂದಿನವರ ತಟ್ಟೆಯಲ್ಲಿ ಉಳಿದಂತೆ, ಒಬ್ಬರ ಹನಿ ಇನ್ನೊಬ್ಬರ ಹೆಸರಿಗೆ ಅಂಟಿತ್ತು.

ಇನ್ನೊಂದು ವಿಷಯವೂ ಬಯಲಾಯಿತು. ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಪಟ್ಟಿಯ ಕಟ್ಟಕಡೆಗೆ ಬಿದ್ದಿದ್ದವು. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಇಂಗ್ಲಿಷಿನವು ಮೊದಲು, ತೆಲುಗಿನ ಮನೆ 3072ರಿಂದ 3199, ಅದಕ್ಕೆ ಅಂಟಿಕೊಂಡೇ ಕನ್ನಡದ್ದು 3200ರಿಂದ 3327. ಅಲ್ಲೂ ನಾವು ಅಕ್ಕಪಕ್ಕದವರೇ, ನೋಡಿ! ಬರೀ ಸಂಖ್ಯೆ ನೋಡಿ ಜೋಡಿಸಿದರೆ ನಮ್ಮ "ಳ" ಕೂಡ "ಹ"ದ ನಂತರ ಬಾರದೆ "ವ"ಕ್ಕಿಂತ ಮೊದಲೇ ಬರುತ್ತದೆ. ನಮ್ಮ ವರ್ಣಮಾಲೆಯ ಕ್ರಮವನ್ನು ಯಂತ್ರಕ್ಕೆ ಹೇಳಿಕೊಡಬೇಕು. ಹೇಳಿಕೊಡಲು ಆ ಕ್ರಮ ನಿಮಗೆ ಬಾಯಿಪಾಠ ಬರಬೇಕಲ್ಲವೇ?

ಹುಡುಗ ಎರಡನ್ನೂ ತಿದ್ದಿದ. ನಾನು ಎಂಬತ್ತು ಹೆಸರನ್ನೂ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸರಿಸಿ, ಹಳೆಯ ನೋಟ್‌ಬುಕ್ಕಿನೊಡನೆ ತಾಳೆ ನೋಡಿದೆ. ಮಕ್ಕಳೇ, ನೀವು ಮಾಡುವ ಪಟ್ಟಿಯನ್ನು ಕೊಡುವ ಮುನ್ನ ಮನೆಯ ಹಿರಿಯರ ಕೈಗೊಮ್ಮೆ ಕೊಟ್ಟು ನೋಡಿ. ನಿಮಗೆ ಅದು ಒಂದು ಸಾಲು. ಅಪರಾತ್ರಿಯಲ್ಲಿ ಅದನ್ನೇ ನಂಬಿ ಫೋನ್ ಮಾಡುವವರಿಗೆ ಅದು ಒಂದು ಜೀವ.