ಕಣ್ಣಿನೊಳಗಿನ ಪುಟ್ಟ ಲೆನ್ಸ್‌ಗೆ ಕಟ್ಟುನಿಟ್ಟಿನ ಅಳತೆ

ಹೊರನಾಡಿನ ಕನ್ನಡ ಸಂಘಗಳ ಕಾರ್ಯಕ್ರಮಗಳ ಪಟ್ಟಿಯಲ್ಲಿ ನೇತ್ರ ತಪಾಸಣಾ ಶಿಬಿರಕ್ಕೆ ಹೆಚ್ಚಾಗಿ ಒಂದು ದಿನ ಮೀಸಲು. ಅಲ್ಲಿ ಪೊರೆ ಪತ್ತೆಯಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಹಿರಿಯರನ್ನು ಬಂಧುಗಳು ಕೇಳುವುದು ಡಾಕ್ಟರ ಹೆಸರು, ತಗಲಿದ ಖರ್ಚು. ಒಳಗೆ ಕೂರಿಸಿದ ಲೆನ್ಸ್‌ನ ಪವರ್ ಎಷ್ಟೆಂದು ಕೇಳುವವರು ವಿರಳ. ಆದರೆ ಕಣ್ಣು ಎಷ್ಟು ನಿಚ್ಚಳವಾಗಿ ಕಾಣುತ್ತದೆ ಎಂಬುದು ಬಹುಮಟ್ಟಿಗೆ ಆ ಅಂಕಿಯ ಮೇಲೆಯೇ ನಿಂತಿದೆ.

ಕರ್ನಾಟಕದ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಸಾಮೂಹಿಕ ಶಿಬಿರ ನಡೆಸುತ್ತಿದ್ದ ಆರಂಭದ ದಶಕಗಳಲ್ಲಿ ಪೊರೆ ತೆಗೆದ ಕಣ್ಣಿಗೆ ಲೆನ್ಸ್ ಹಾಕುವ ರೂಢಿ ಇಲ್ಲಿರಲಿಲ್ಲ. ಸೋಡಾಬುಡ್ಡಿ ಕನ್ನಡಕವೇ ಗತಿ. ಆದರೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡಾ. ಹೆರಾಲ್ಡ್ ರಿಡ್ಲೆ 1949ರ ನವೆಂಬರ್ 29ರಂದೇ ಮೊದಲ ಕೃತಕ ಲೆನ್ಸ್ ಕೂರಿಸಿದ್ದರು. ಯುದ್ಧವಿಮಾನದ ಅಕ್ರಿಲಿಕ್ ಚೂರು ಕಣ್ಣಿಗೆ ಹೊಕ್ಕ ಪೈಲಟ್‌ಗಳನ್ನು ಪರೀಕ್ಷಿಸಿದ್ದ ಅವರು, ಆ ವಸ್ತುವನ್ನು ಕಣ್ಣು ಸಹಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದ್ದರು.

ವಸ್ತುವೇನೋ ಸರಿ, ಅಳತೆ ತಪ್ಪಿತ್ತು. ಸಹಜ ಲೆನ್ಸ್‌ನ ಆಕಾರವನ್ನೇ ಅನುಸರಿಸಿದ್ದರೂ ಅಕ್ರಿಲಿಕ್ ಬೆಳಕನ್ನು ಅದಕ್ಕಿಂತ ಹೆಚ್ಚು ಬಾಗಿಸುತ್ತದೆ. ಪರಿಣಾಮ, ರೋಗಿಗೆ ಭಾರೀ ಸಮೀಪದೃಷ್ಟಿ. ನಂತರದ ಲೆನ್ಸ್‌ಗಳ ಬಾಗು ಕಡಿಮೆ ಮಾಡಬೇಕಾಯಿತು.

ಇಂದಿನ ಲೆನ್ಸ್‌ನ ನಡುಭಾಗ ಸುಮಾರು 6 ಮಿಲಿಮೀಟರ್ ಅಗಲ. 15ರಿಂದ 25 ಡಯಾಪ್ಟರ್ ಪವರ್‌ನ ಲೆನ್ಸ್‌ನಲ್ಲಿ ಅಂತಾರಾಷ್ಟ್ರೀಯ ಮಾನದಂಡ ಒಪ್ಪುವ ವ್ಯತ್ಯಾಸ ಆಚೀಚೆ 0.4 ಡಯಾಪ್ಟರ್ ಮಾತ್ರ. ಎರಡೂ ಕಡೆ ಸಮನಾಗಿ ಉಬ್ಬಿದ 20 ಡಯಾಪ್ಟರ್‌ನ ಅಕ್ರಿಲಿಕ್ ಲೆನ್ಸ್‌ನಲ್ಲಿ, ಲೆಕ್ಕ ಹಾಕಿದರೆ, ಒಂದೊಂದು ಬದಿಯ ಉಬ್ಬಿನಲ್ಲಿ ಆರು ಮೈಕ್ರಾನಿನಷ್ಟು ಹೆಚ್ಚುಕಡಿಮೆಯಾದರೆ ಈ ಮಿತಿ ಮುಗಿಯಿತು. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ! ಇಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಸ್ಕೇಲಿನಿಂದ ಹಿಡಿಯಲಾಗದು, ಬೆಳಕಿನಿಂದಲೇ ಅಳೆಯಬೇಕು. ಲೆನ್ಸ್ ಮೂಲಕ ಬೆಳಕು ಹಾಯಿಸಿ ಅದು ಎಲ್ಲಿ ಕೂಡುತ್ತದೆ ಎಂದು ನೋಡಲಾಗುತ್ತದೆ. ಗಾಳಿಯಲ್ಲಿ ಅಳೆದರೆ ಇದೇ ಲೆನ್ಸ್ ಮೂರು ಪಟ್ಟಿಗಿಂತ ಹೆಚ್ಚು ಪವರ್ ತೋರಿಸುವುದರಿಂದ ಕಣ್ಣಿನೊಳಗಿನ ದ್ರವಕ್ಕೆ ತಕ್ಕಂತೆ ಲೆಕ್ಕ ಸರಿಪಡಿಸಬೇಕು. ಪವರ್ ಸರಿಯಿದ್ದರೂ ಬಿಂಬ ಮಸುಕಾಗಬಹುದು. ಹಾಗಾಗಿ ಕೃತಕ ಕಣ್ಣಿನ ಮಾದರಿಯಲ್ಲಿಟ್ಟು, ಒಂದು ಮಿಲಿಮೀಟರಿನಲ್ಲಿ 100 ಜೋಡಿ ಕಪ್ಪು-ಬಿಳಿ ಗೆರೆಗಳನ್ನು ಎಷ್ಟು ಸ್ಪಷ್ಟವಾಗಿ ಮೂಡಿಸುತ್ತದೆ ಎಂದೂ ಪರೀಕ್ಷಿಸುತ್ತಾರೆ.

ಇಂಥ ನಾಜೂಕಿನ ಲೆನ್ಸ್ ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ಸಿಗುವಂತಾದದ್ದರಲ್ಲಿ, ಮಧುರೆಯ ಅರವಿಂದ ನೇತ್ರ ಆಸ್ಪತ್ರೆಯ ಬಳಗ 1992ರಲ್ಲಿ ಆರಂಭಿಸಿದ ಅರೋಲ್ಯಾಬ್‌ನ ಪಾತ್ರ ದೊಡ್ಡದು. ಅಗ್ಗದ ಲೆನ್ಸ್ ಎಂದರೆ ಕಳಪೆ ಲೆನ್ಸ್ ಎಂಬ ಗುಮಾನಿ ಇಂದಿಗೂ ಕೆಲವರಲ್ಲಿದೆ. ನೋಡಬೇಕಾದದ್ದು ಬೆಲೆಯನ್ನಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂಬುದನ್ನು.

ಕಾರ್ಖಾನೆಯ ಅಳತೆಯಷ್ಟೇ ಆಸ್ಪತ್ರೆಯ ಅಳತೆಯೂ ಮುಖ್ಯ. ಕಣ್ಣುಗುಡ್ಡೆಯ ಉದ್ದವನ್ನು ಒಂದು ಮಿಲಿಮೀಟರ್ ತಪ್ಪಾಗಿ ಅಳೆದರೆ ಎರಡೂವರೆ ಡಯಾಪ್ಟರ್‌ಗೂ ಮಿಕ್ಕಿ ಎಡವಟ್ಟಾಗುತ್ತದೆ.

ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಊರಿನಲ್ಲಿ, ಇನ್ನೊಂದು ಮಕ್ಕಳಿರುವ ನಗರದಲ್ಲಿ ಆಗುವುದು ಹೊರನಾಡ ಕುಟುಂಬಗಳಲ್ಲಿ ಹೊಸತಲ್ಲ. ಲೆನ್ಸ್‌ನ ಪೊಟ್ಟಣದಲ್ಲಿ ಪವರ್, ಮಾದರಿ, ಸೀರಿಯಲ್ ನಂಬರ್ ಇರುವ ಚೀಟಿ ಇರುತ್ತದೆ. ಅದನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡುವಂತೆ ಕೇಳಿ ಪಡೆದು, ಎರಡನೇ ಸಲ ಹೋಗುವಾಗ ಮೊದಲ ಕಣ್ಣಿನ ಅಳತೆಯ ವರದಿಯೊಂದಿಗೆ ಡಾಕ್ಟರಿಗೆ ತೋರಿಸಬೇಕು.