ಎರಡು ಮನೆಗಳ ನಗೆ

ತನ್ನ ಮನೆಯ ರೂಢಿಯೇ ಲೋಕದ ರೂಢಿಯೆಂದು ಭಾವಿಸುವುದು ಮನುಷ್ಯನ ಸಹಜ ಸ್ವಭಾವ. ನೆರೆಯವರ ನಡೆನುಡಿ ಅವನಿಗೆ ವಿಚಿತ್ರವಾಗಿ ತೋರುತ್ತದೆ. ತನ್ನದೂ ಅವರಿಗೆ ಹಾಗೆಯೇ ತೋರಬಹುದೆಂಬುದು ಮಾತ್ರ ಹೊಳೆಯುವುದಿಲ್ಲ. ಆದರೆ ಹುಟ್ಟಿನಿಂದಲೇ ಎರಡು ಮನೆಗಳಿಗೆ ಸೇರಿದವನ ಪಾಡೇನು? ಕಾದಂಬರಿಕಾರ ಆಬ್ರೆ ಮೆನೆನ್ನರ ಬರಹಗಳು ಈ ಪ್ರಶ್ನೆಗೆ ನಗೆಯ ಮೂಲಕ ಉತ್ತರ ಕೊಡುತ್ತವೆ.

ಮೆನೆನ್ನರು 1912ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಮಲಬಾರಿನ ನಾಯರ್ ಮನೆತನದವರು. ತಾಯಿ ಐರಿಷ್ ಮಹಿಳೆ. ಬಾಲಕನು ಓದಿದ್ದು ಇಂಗ್ಲಿಷರ ಶಾಲೆಯಲ್ಲಿ. ಇಂಗ್ಲಿಷರಷ್ಟು ನಾಗರಿಕರು ಬೇರೊಬ್ಬರಿಲ್ಲವೆಂಬ ಹೆಮ್ಮೆ ಅಲ್ಲಿಯ ಪಾಠಗಳಲ್ಲಿ ಬೆರೆತಿತ್ತು. ಮಲಬಾರಿಗೆ ಬಂದಾಗ ಅವನ ಅಜ್ಜಿ ಇದಕ್ಕೆ ತದ್ವಿರುದ್ಧವಾದ ಪಾಠವನ್ನು ಹೇಳಿದರು. ಆಕೆಯ ದೃಷ್ಟಿಯಲ್ಲಿ ಇಂಗ್ಲಿಷರು ಶುಚಿತ್ವವನ್ನರಿಯದ ಜನ. ಒಬ್ಬರ ಬಾಯನ್ನೊಬ್ಬರು ನೋಡುತ್ತ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುವುದಕ್ಕಿಂತ ಅಸಹ್ಯವಾದುದು ಬೇರೆ ಉಂಟೇ ಎಂಬುದು ಆಕೆಯ ವಾದ! 1953ರಲ್ಲಿ ಪ್ರಕಟವಾದ 'ಡೆಡ್ ಮ್ಯಾನ್ ಇನ್ ದಿ ಸಿಲ್ವರ್ ಮಾರ್ಕೆಟ್' ಎಂಬ ಗ್ರಂಥದಲ್ಲಿ ಮೆನೆನ್ನರು ಈ ಅಜ್ಜಿಯನ್ನು ಚಿತ್ರಿಸಿದ್ದಾರೆ. ಶಾಲೆಯ ಹೆಮ್ಮೆಯೂ ಅಜ್ಜಿಯ ಹೆಮ್ಮೆಯೂ ಒಂದೇ ಅಚ್ಚಿನಲ್ಲಿ ಎರಕಗೊಂಡವು ಎಂಬುದೇ ಆ ಚಿತ್ರದ ಸಾರ.

ಅವರ ಕಾದಂಬರಿಗಳಿಗೂ ಈ ಅರಿವೇ ತಳಹದಿ. 1947ರಲ್ಲಿ ಹೊರಬಂದ 'ದಿ ಪ್ರೆವಲೆನ್ಸ್ ಆಫ್ ವಿಚಸ್' ಕಾದಂಬರಿಯ ಕಥೆ ಭಾರತದ ಲಿಂಬೊ ಎಂಬ ಕಲ್ಪಿತ ಕಾಡುಸೀಮೆಯಲ್ಲಿ ನಡೆಯುತ್ತದೆ. ಕೊಲೆಯ ಆರೋಪಕ್ಕೆ ಗುರಿಯಾದ ಅಲ್ಲಿಯ ನಾಯಕನು ಮಾಟಗಾತಿಯರನ್ನು ನಂಬಿದವನು. ಬ್ರಿಟಿಷರ ಕಾನೂನಿನಲ್ಲಿಯೋ ಮಾಟಗಾತಿಯರಿಗೆ ಸ್ಥಳವಿಲ್ಲ. ಅವನನ್ನು ಉಳಿಸಲು ಸುಶಿಕ್ಷಿತರೇ ಹಂಚಿಕೆ ಹೂಡುತ್ತಾರೆ. ಓದುಗನು ಮೊದಲು ಕಾಡಿನವರ ನಂಬಿಕೆಯನ್ನು ಕಂಡು ನಗುತ್ತಾನೆ. ಬರಬರುತ್ತ ನಾಡಿನವರ ನಂಬಿಕೆಗಳೂ ಅಷ್ಟೇ ನಗೆಗೆ ಪಾತ್ರವೆಂಬುದನ್ನು ಅರಿಯುತ್ತಾನೆ.

ಇಂತಹ ನಗೆಗೆ ಬೆಲೆಯನ್ನೂ ತೆರಬೇಕಾಗುತ್ತದೆ. ರಾಮಕಥೆಯನ್ನು ವಿಡಂಬನೆಯ ರೀತಿಯಲ್ಲಿ ನಿರೂಪಿಸಿದ ಮೆನೆನ್ನರ 1954ರ ಕೃತಿ ಭಾರತದಲ್ಲಿ ನಿಷೇಧಕ್ಕೊಳಗಾಯಿತು. ಒಬ್ಬನಿಗೆ ವಿನೋದವಾದುದು ಮತ್ತೊಬ್ಬನಿಗೆ ಪೂಜ್ಯವಾಗಿರಬಹುದು. ಎರಡು ಮನೆಗಳ ಮಗನನ್ನು ಎರಡು ಮನೆಯವರೂ ಹೊರಗಿನವನೆಂದು ಎಣಿಸಲೂಬಹುದು. ಬಹುಕಾಲ ಇಟಲಿಯಲ್ಲಿ ನೆಲಸಿದ್ದ ಅವರು ಕೊನೆಗೆ ತಂದೆಯ ನಾಡಿಗೆ ಮರಳಿದರು. 1989ರಲ್ಲಿ ತಿರುವನಂತಪುರದಲ್ಲಿ ನಿಧನರಾದರು.

ಪರರನ್ನು ಕಂಡು ನಗುವುದು ಸುಲಭ. ಆ ನಗೆಯಲ್ಲಿ ತನ್ನನ್ನೂ ಸೇರಿಸಿಕೊಳ್ಳುವುದು ಕಷ್ಟ. ಅಜ್ಜಿಯ ಜಗಲಿಯಲ್ಲಿ ನಿಂತು ಶಾಲೆಯನ್ನೂ, ಶಾಲೆಯ ಬೆಂಚಿನಲ್ಲಿ ಕುಳಿತು ಅಜ್ಜಿಯನ್ನೂ ನೋಡಬಲ್ಲವನಿಗೆ ಮಾತ್ರ ಅದು ಸಾಧ್ಯ. ಹಾಸ್ಯವು ನ್ಯಾಯದ ಒಂದು ರೂಪವಾಗುವುದು ಅಲ್ಲಿಯೇ.